ಕೃಷ್ಣ ತುಂಬಿದ ಗಾಳಿ

ಪೆಟ್ರೋಲು ಲೀಟರಿಗೆ ನೂರಾ ಮೂರು ರೂಪಾಯಿ. ಯಲಬುರ್ಗಾದಿಂದ ಹತ್ತಿರದ ಮಂಗಳೂರೆಂಬ ಹಳ್ಳಿಯ ದವಾಖಾನೆಗೆ ದಿನಾ ಹೋಗಿಬರಲು ಕೃಷ್ಣ ಇದ್ದಾಗ ಎರಡು ಲೀಟರು ಸಾಕಾಗುತ್ತಿತ್ತು. ಅವನು ಎದೆನೋವಿನಿಂದ ತೀರಿಹೋದ ಮೇಲೆ ಅದೇ ಕಾರು, ಅದೇ ದಾರಿ, ಮೂರು ಲೀಟರು ಕುಡಿಯತೊಡಗಿತು. ಅವನ ಹೆಂಡತಿ, ನರ್ಸ್ ಸುರೇಖಾ, ಬಂಕಿನಲ್ಲಿ ದುಡ್ಡು ಕೊಡುವಾಗ ಒಂದಿಷ್ಟೂ ಗೊಣಗುತ್ತಿರಲಿಲ್ಲ. ತೀರಿಹೋದವನನ್ನೂ ಜೊತೆಗೆ ಕರೆದೊಯ್ಯಬೇಕೆಂದರೆ ಎಣ್ಣೆ ಹೆಚ್ಚು ಬೇಕೇ ಬೇಕಲ್ಲ ಎಂದುಕೊಳ್ಳುತ್ತಿದ್ದಳು.

ಕಾರು ಎಡಕ್ಕೆ ವಾಲಿತ್ತು. ಸ್ಟಿಯರಿಂಗ್ ಸಡಿಲ ಬಿಟ್ಟರೆ ಎಡಕ್ಕೇ ಎಳೆಯುತ್ತಿತ್ತು. ಐದು ತಿಂಗಳ ಹಿಂದಿನ ತನಕ ಆ ಎಡದ ಸೀಟು ಅವಳದು, ಓಡಿಸುತ್ತಿದ್ದವನು ಅವನು. ಈಗ ಜಾಗ ಅದಲುಬದಲಾಗಿದೆ, ಅಷ್ಟೆ. ಜೋಳದ ಹೊಲಗಳ ನಡುವಿನ ಖಾಲಿ ರಸ್ತೆಯಲ್ಲಿ ಅವನ ಮಾತು ಕಿವಿಗೆ ಬೀಳುತ್ತಿತ್ತು: "ಪೆಡಲ್ ಮ್ಯಾಲ ಕೋಳಿತತ್ತಿ ಐತಿ ಅನ್ಕೊಂಡು ಒತ್ತು."

"ಹೂಂ, ಹಂಗ ಒತ್ತಾಕತ್ತೀನಿ" ಎಂದು ಇವಳು ಗಟ್ಟಿಯಾಗಿಯೇ ಉತ್ತರ ಕೊಡುತ್ತಿದ್ದಳು. ದಾರಿ ಬೇಗ ಮುಗಿಯಬಾರದೆಂದು ಎರಡನೇ ಗೇರಿನಲ್ಲೇ ಹೋಗುತ್ತಿದ್ದಳು.

ಗಾಳಿ ತುಂಬುವುದು ಕೃಷ್ಣನ ಕೆಲಸವಾಗಿತ್ತು. ಅಂಗಡಿಗೆ ಹೋಗದೆ, ಅಂಗಳದಲ್ಲಿ ಕಾಲುಪಂಪು ಇಟ್ಟು, ಬೆವರು ಸುರಿಸಿ ನಾಲ್ಕೂ ಟೈರಿಗೆ ತಾನೇ ತುಳಿಯುತ್ತಿದ್ದ. ಸಾಯುವ ಹಿಂದಿನ ದಿನವೂ ತುಳಿದಿದ್ದ. ದಿನಕರ್ಮ ಮುಗಿದ ಮೇಲೆ ಅವನ ಬಟ್ಟೆಬರೆ, ಹಾಸಿಗೆ ಎಲ್ಲವನ್ನೂ ಕೊಟ್ಟುಬಿಟ್ಟಿದ್ದರು. ಟೈರಿನೊಳಗಿನ ಗಾಳಿಯ ನೆನಪು ಯಾರಿಗೂ ಬಂದಿರಲಿಲ್ಲ. ಸುರೇಖಾ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಕಾರನ್ನು ಸರ್ವೀಸಿಗೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಹುಲಗೆಮ್ಮ ಕಣ್ಣು ತೋರಿಸಲೆಂದು ಜೊತೆಗೆ ಹೊರಟು, ಮುಂದಿನ ಬಾಗಿಲು ತೆಗೆದಳು.

"ಅಲ್ಲಿ ಬ್ಯಾಡ ಅತ್ತಿ! ಹಿಂದ ಕುಂದರ್ರಿ."

"ಯಾಕ? ಯಾರದೈತಿ ಆ ಜಾಗಾ?"

ಸುರೇಖಾ ಎಡದ ಸೀಟಿನ ಮೇಲೆ ಕೈಯಿಟ್ಟಳು. ಮುದುಕಿ ಸೀಟು ನೋಡಿದಳು, ಸೊಸೆಯ ಮುಖ ನೋಡಿದಳು, ಸುಮ್ಮನೆ ಹಿಂದೆ ಹೋಗಿ ಕೂತಳು.

ಊರು ದಾಟುವ ಮೊದಲೇ ಪಂಕ್ಚರ್ ಅಂಗಡಿಯ ಇಮಾಮಬೀ ರಸ್ತೆಗೆ ಬಂದು ಕೈ ಅಡ್ಡ ಹಿಡಿದಳು.

"ಏ ಸಿಸ್ಟರ, ನಾ ಎಷ್ಟ್ ದಿನಾ ಕಣ್ಮುಚ್ಕೊಂಡು ಕುಂದ್ರಲಿ? ಟೈರ್ ರೊಟ್ಟಿ ಆಗ್ಯಾವು ನೋಡು."

"ಆ ಗಾಳಿ ಅವರು ತುಂಬಿದ್ದು, ಇಮಾಮಬೀ."

ಇಮಾಮಬೀಯ ದನಿ ಸಣ್ಣಗಾಯಿತು. "ಹಿಂಗ ಓಡಿಸಿದ್ರ ಒಂದಿನಾ ಸಿಡೀತಾವ. ಆಮ್ಯಾಲ ಅವನ ಗಾಳಿನೂ ಇರಂಗಿಲ್ಲ, ನೀನೂ ಇರಂಗಿಲ್ಲ. ಇದ್ದದ್ದು ಒಳಗ ಇರ್ಲಿ ಬಿಡು, ಮ್ಯಾಲಷ್ಟ ಹಾಕ್ತೀನಿ."

ಮೂರು ಟೈರಿಗೆ ಹಾಗೆಯೇ ಹಾಕಿದಳು. ಎಡಗಡೆಯ ಮುಂದಿನ ಟೈರಿನ, ಗಾಳಿ ತುಂಬುವ ಮೂತಿಗೆ ಎಂಜಲು ಹಚ್ಚಿ ನೋಡಿದಳು, ಗುಳ್ಳೆ ಎದ್ದಿತು.

"ಗಾಳಿ ತಡಿಯೋ ಪಿನ್ನು ಹೋಗೈತಿ. ಬದಲಿ ಮಾಡಬೇಕಂದ್ರ ಇದರಾಗಿಂದು ಎಲ್ಲಾ ಬಿಡಬೇಕವ್ವಾ."

ಸುರೇಖಾ ಅತ್ತೆಯತ್ತ ತಿರುಗಿದಳು. ಹುಲಗೆಮ್ಮ ಆಗಲೇ ಇಳಿದು ಬಂದಿದ್ದಳು.

"ಬಿಡು" ಎಂದಳು. "ನಾ ಹಡದದ್ದನ್ನ ಬಿಟ್ಟೀನಿ."

ಪಿನ್ನು ಸಡಿಲಾದೊಡನೆ ಗಾಳಿ ಬುಸ್ಸೆಂದು ನುಗ್ಗಿತು. ಸುರೇಖಾ ಅಂಗೈ ಒಡ್ಡಿದಳು. ಬೆಚ್ಚಗಿದ್ದೀತು ಎಂದುಕೊಂಡಿದ್ದಳು, ತಣ್ಣಗಿತ್ತು, ರಬ್ಬರಿನ ವಾಸನೆ ಬೇರೆ. ಹುಲಗೆಮ್ಮ ನೆಲಕ್ಕೆ ಕೂತು ಕೆನ್ನೆಯನ್ನೇ ಒಡ್ಡಿದಳು. ಸದ್ದು ಸಣ್ಣಗಾಗಿ, ತಡೆತಡೆದು ಬಂದು, ನಿಂತಿತು. ಕಾರು ಆ ಮೂಲೆಯಲ್ಲಿ ಕುಸಿದು ಕೂತಿತು. ಇಮಾಮಬೀ ಹೊಸ ಪಿನ್ನು ಹಾಕಿ ಗಾಳಿ ತುಂಬಿ, ಯಾರೂ ಹೇಳದಿದ್ದರೂ ಏರ್ ಫಿಲ್ಟರ್ ಬಿಚ್ಚಿ ಬೊಗಸೆ ತುಂಬ ಕರಿಮಣ್ಣಿನ ಧೂಳು ಕೊಡವಿದಳು.

ಈ ಸಲ ಹುಲಗೆಮ್ಮ ಮುಂದೆಯೇ ಕೂತಳು. ಯಾರೂ ಬೇಡವೆನ್ನಲಿಲ್ಲ. ಸುರೇಖಾ ಮೂರನೇ ಗೇರು ಹಾಕಿದಳು, ನಾಲ್ಕನೆಯದಕ್ಕೂ ಹೋದಳು. ಕಾರು ನೆಟ್ಟಗೆ ಓಡಿತು. ಜೋಳದ ಹೊಲ ಬಂದಾಗ ಅವಳು ಕಿವಿಗೊಟ್ಟು ಕಾದಳು. ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಅಂದಿನಿಂದ ದಿನಕ್ಕೆ ಮುಕ್ಕಾಲು ಲೀಟರು ಪೆಟ್ರೋಲು ಉಳಿಯಿತು. ಕೃಷ್ಣ ಮತ್ತೆ ಬರಲಿಲ್ಲ.