ಮೂರರ ಬೆಲೆಯ ಒಂದು ಕಣ್ಣು

ನಾನು ಒಂದು ಲ್ಯಾಪ್‌ಟಾಪ್, ಅದೂ ದುಬಾರಿಯದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಆಯುಷ್ಯದಲ್ಲಿ ಜನ ನನ್ನ ಬಗ್ಗೆ ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ನನ್ನ ಬೆಲೆಯದೇ.

ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದವನು ನಾನು. ಮೈ ಅಲ್ಯೂಮಿನಿಯಮ್ಮಿನದು. ಒಳಗಿನ ಭಾಗಗಳನ್ನೆಲ್ಲ ಬೆಸುಗೆ ಹಾಕಿ ಕೂರಿಸಿದರು, ಮತ್ತೆ ಯಾರೂ ಬಿಚ್ಚಿ ನೋಡಬಾರದು ಎನ್ನುವ ಹಾಗೆ. ಕೊನೆಗೆ ಕತ್ತಲೆ ಕೋಣೆಯಲ್ಲಿ ನನ್ನ ಪರದೆಯ ಮುಂದೆ ಯಂತ್ರದ ಕಣ್ಣೊಂದನ್ನು ಇಟ್ಟು ಕೆಂಪು, ಹಸಿರು, ನೀಲಿ, ಬಿಳಿ ಎಂದು ನೂರಾರು ಬಣ್ಣ ತೋರಿಸಲು ಹೇಳಿದರು. ಒಂದರಲ್ಲೂ ತಪ್ಪಲಿಲ್ಲ. ಈ ಪರದೆ ಬಣ್ಣವನ್ನು ಇದ್ದದ್ದು ಇದ್ದಹಾಗೆ ತೋರಿಸುತ್ತದೆ ಎಂದು ಒಂದು ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟರು. ಆ ಚೀಟಿಯಿಂದ ನನಗೆ ಬಂದ ಜಂಬ ಅಷ್ಟಿಷ್ಟಲ್ಲ.

ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಮೇಜಿನ ಮೇಲೆ ನಾಲ್ಕು ತಿಂಗಳು ಕೂತಿದ್ದೆ. ಬಂದವರೆಲ್ಲ ಮುಟ್ಟುವರು, ಬೆಲೆಯ ಚೀಟಿ ನೋಡುವರು, ಬಿಸಿ ಹಂಚು ಮುಟ್ಟಿದವರ ಹಾಗೆ ಕೈ ಹಿಂದೆಳೆದುಕೊಳ್ಳುವರು. ಕೊನೆಗೊಂದು ದಿನ ಬನಹಟ್ಟಿಯಿಂದ ಮಾವ ಸೊಸೆ ಇಬ್ಬರು ಬಂದರು. ಮಾವನ ಹೆಸರು ಚನಮಲ್ಲಪ್ಪ. ಬನಹಟ್ಟಿಯಲ್ಲಿ ಸೀರೆಗೆ ವಿನ್ಯಾಸ ಬರೆದುಕೊಡುವ ಹಳೆಯ ಅಂಗಡಿ ಅವರದು. ಸೊಸೆ ಇಂದುಮತಿ. ಮಾವ ಚೌಕಳಿ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಮಾಡುತ್ತಿದ್ದ ಕೆಲಸವನ್ನು ಹತ್ತು ವರ್ಷಗಳಿಂದ ಆಕೆ ಕಂಪ್ಯೂಟರಿನಲ್ಲಿ ಮಾಡುತ್ತಿದ್ದಳು.

ಚನಮಲ್ಲಪ್ಪ ನನ್ನ ಮುಚ್ಚಳವನ್ನು ಬೆರಳಿನಿಂದ ಟಣ್ ಟಣ್ ಎಂದು ಬಡಿದರು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಡಿಯುವುದು ಹಾಗೆ. ಆಮೇಲೆ ಬೆಲೆ ಓದಿದರು.

"ಯಪ್ಪಾ! ಇದರ ರೊಕ್ಕದಾಗ ಪಕ್ಕದಾಗಿನ ಆ ಅಗ್ಗದ ಕರೇದು ಮೂರು ಬರ್ತಾವಲ್ಲವಾ. ಮೂರು ಮಂದಿ ಕುಂತು ಕೆಲಸ ಮಾಡಬೌದು. ಕೆಟ್ಟರ ನಮ್ಮೂರ ಹುಡುಗ್ರ ಬಿಚ್ಚಿ ರಿಪೇರಿ ಮಾಡ್ತಾರ. ಇದನ್ನ ಬಿಚ್ಚಾಕ ಯಾರನ್ನ ಕರೀತಿ?"

ಅಂಗಡಿಯವನು ಬಾಯಿ ತೆರೆಯುವ ಮುಂಚೆ ಇಂದುಮತಿಯೇ ಹೇಳಿದಳು. "ಮಾವಾರ, ನಂಗ ಮೂರು ಬ್ಯಾಡ. ನಂಗ ಒಂದು ಕಣ್ಣು ಬೇಕು. ಮನ್ಯಾಗಿನ ಕರೇದರಾಗ ಕುಂಕುಮ ಹಾಕಿದ್ರ ಇಟ್ಟಂಗಿ ಕಾಣತೈತಿ. ಎಷ್ಟು ದಿನಾ ಅಂದಾಜಿನ ಮ್ಯಾಲೆ ಬಣ್ಣಾ ಹೇಳ್ಲಿ?"

ವಾದ ಒಂದು ತಾಸು ನಡೆಯಿತು. ಇಬ್ಬರೂ ಸುಳ್ಳು ಹೇಳಲಿಲ್ಲ ಎಂಬುದನ್ನು ನಾನು ಒಪ್ಪಲೇಬೇಕು. ಅಗ್ಗದವನ್ನು ಸ್ಕ್ರೂಡ್ರೈವರ್ ಹಿಡಿದು ಯಾರು ಬೇಕಾದರೂ ಬಿಚ್ಚುತ್ತಾರೆ, ಹೊಸ ಭಾಗ ಹಾಕುತ್ತಾರೆ. ನನಗೆ ಆ ಭಾಗ್ಯವಿಲ್ಲ. ಕೊನೆಗೆ ಚನಮಲ್ಲಪ್ಪ ಮಣಿದರು, ಆದರೆ ಒಂದು ಮಾತಿನ ಮೇಲೆ.

ಆ ಮಾತು ಅರ್ಥವಾಗಬೇಕಾದರೆ ಅವರ ಅಂಗಡಿಯ ಪುಸ್ತಕದ ವಿಷಯ ಹೇಳಬೇಕು. ಹೊಸ ವಿನ್ಯಾಸ ಮಗ್ಗದಿಂದ ಇಳಿದಾಗ ನಾಲ್ಕು ಬೆರಳಗಲದ ತುಂಡು ಕತ್ತರಿಸಿ ಆ ಪುಸ್ತಕದಲ್ಲಿ ಅಂಟಿಸಿ, ಕೆಳಗೆ ಮಾಡಿದವರ ಹೆಸರು ಬರೆಯುವುದು ಚನಮಲ್ಲಪ್ಪನವರ ಅಪ್ಪ ಹಾಕಿಕೊಟ್ಟ ಪದ್ಧತಿ. ಕೆಟ್ಟುಹೋದ ತುಂಡನ್ನೂ ಅಂಟಿಸುತ್ತಾರೆ, ಕೆಡಿಸಿದವರ ಹೆಸರನ್ನೂ ಬರೆಯುತ್ತಾರೆ. ಮತ್ತೆ ಅದೇ ತಪ್ಪು ಆಗಬಾರದಲ್ಲ! ಅಪ್ಪ, ಚಿಕ್ಕಪ್ಪ, ಕೆಲಸಕ್ಕಿದ್ದ ಗಂಡಸರು ಎಲ್ಲರ ಹೆಸರೂ ಅದರಲ್ಲಿದ್ದವು. ಇಂದುಮತಿಯ ಹತ್ತು ವರ್ಷದ ಕೆಲಸದ ಕೆಳಗೆ ಮಾತ್ರ "ಅಂಗಡಿ" ಎಂದಷ್ಟೇ ಬರೆದಿತ್ತು.

"ತಗೋ. ಇದರ ಮ್ಯಾಲೆ ಮಾಡಿದ ಮೊದಲನೇ ದೊಡ್ಡ ಕೆಲಸ ಬಣ್ಣದಾಗ ಚೂರೂ ತಪ್ಪಬಾರದು," ಎಂದರು ಚನಮಲ್ಲಪ್ಪ. "ತಪ್ಪಲಿಲ್ಲ ಅಂದ್ರ ಪುಸ್ತಕದಾಗ ನಿನ್ನ ಹೆಸರು ಬರೀತೀನಿ. ತಪ್ಪಿತು ಅಂದ್ರೂ ಬರೀತೀನಿ ಮತ್ತ!"

ಬಸ್ಸಿನಲ್ಲಿ ಬನಹಟ್ಟಿಯವರೆಗೂ ಇಂದುಮತಿ ನನ್ನನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆ ಊರಿನಲ್ಲಿ ಬೆಳಗಾದರೆ ಮಗ್ಗದ ಸದ್ದು, ಗಾಳಿಯ ತುಂಬ ಅರಳೆಯ ಧೂಳು. ಅಂಗಡಿಯ ಮೂಲೆಯಲ್ಲಿ ನನಗಿಂತ ಮೊದಲೇ ಒಬ್ಬ ಕರಿಯ ಇದ್ದ. ಪ್ಲಾಸ್ಟಿಕ್ಕಿನ ಹಳೆಯ ಲ್ಯಾಪ್‌ಟಾಪ್. ಎರಡು ಕೀಲಿ ಉದುರಿದ್ದವು, ಮುಚ್ಚಳಕ್ಕೆ ಟೇಪು ಸುತ್ತಿತ್ತು. ಇಂದುಮತಿಯ ಗಂಡ ಅದರಲ್ಲಿ ಬಿಲ್ಲು ಬರೆಯುತ್ತಿದ್ದ. ಅದರ ಮೇಲೆ ಚಹಾದ ಕಪ್ಪು ಇಡುತ್ತಿದ್ದರು ಎಂದರೆ ಅದರ ಮರ್ಯಾದೆ ಎಷ್ಟಿತ್ತು ಎಂದು ನೀವೇ ಲೆಕ್ಕ ಹಾಕಿ. ನಾನು ಅದನ್ನು ಮಾತನಾಡಿಸಲೂ ಹೋಗಲಿಲ್ಲ.

ಮೊದಲ ಮೂರು ತಿಂಗಳು ನನ್ನದೇ ದರ್ಬಾರು. ಒಂದು ದಿನ ಕರೆಂಟು ಬೆಳಿಗ್ಗೆ ಹೋದದ್ದು ಸಂಜೆಗೆ ಬಂತು. ಮಗ್ಗಗಳು ನಿಂತವು, ಕರಿಯ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿತು. ನಾನು ಮಾತ್ರ ಇಡೀ ದಿನ ಎಚ್ಚರವಿದ್ದೆ, ಇಂದುಮತಿ ಒಂದು ಸೆರಗಿನ ವಿನ್ಯಾಸವನ್ನು ಪೂರ್ತಿ ಮುಗಿಸಿದಳು. ಚನಮಲ್ಲಪ್ಪ ಮೂರು ಸಲ ಬಂದು ಇಣುಕಿ ನೋಡಿ ಹೋದರು.

ವಿಚಿತ್ರವೆಂದರೆ, ನನ್ನನ್ನು ಬೇಡವೆಂದ ಆ ಮನುಷ್ಯನೇ ಮನೆಗೆ ಬಂದ ಮೇಲೆ ನನ್ನ ಕಾವಲಿಗೆ ನಿಂತರು. ಧೂಳು ಬಿದ್ದೀತು ಎಂದು ಹೆಂಡತಿ ಕಾಶವ್ವನಿಂದ ಖಣದ ಬಟ್ಟೆಯ ಗವಸು ಹೊಲಿಸಿದರು. ಶ್ರಾವಣದಲ್ಲಿ ಇಂದುಮತಿ ಪಂಚಮಿಗೆಂದು ತವರಿಗೆ ಹೋದಾಗ, ಮೊಬೈಲ್ ಅಂಗಡಿಯಿಂದ ಕಣ್ಣಿಗೆ ತಂಪು ಎನ್ನುವ ಒಂದು ತೆಳು ಹಾಳೆ ತಂದರು. ಅಳತೆಪಟ್ಟಿ ಹಿಡಿದು ಕತ್ತರಿಸಿ, ಉಸಿರು ಬಿಗಿಹಿಡಿದು ನನ್ನ ಪರದೆಗೆ ಅಂಟಿಸಿದರು. ಮಗ್ಗದ ಲಾಳಿಯ ನುಣುಪು ಬೆನ್ನಿನಿಂದ ಒತ್ತಿ ಒತ್ತಿ ಒಂದು ಗುಳ್ಳೆಯೂ ಉಳಿಯದಂತೆ ನೇವರಿಸಿದರು. ಐವತ್ತು ವರ್ಷ ನೂಲು ಮುಟ್ಟಿದ ಕೈ ಅದು. ಅಂಟಿಸಿದ್ದೇ ಗೊತ್ತಾಗುವಂತಿರಲಿಲ್ಲ.

ಆದರೆ ಆ ಹಾಳೆಗೆ ತಿಳಿ ಹಳದಿ ಛಾಯೆ ಇತ್ತು.

ಇಂದುಮತಿ ಹಬ್ಬ ಮುಗಿಸಿ ಬಂದು ನನ್ನನ್ನು ತೆರೆದವಳೇ ಕಣ್ಣು ಕಿರಿದು ಮಾಡಿದಳು. "ಬಿಳಿ ಯಾಕೋ..." ಎನ್ನುವಷ್ಟರಲ್ಲಿ ಚನಮಲ್ಲಪ್ಪ ಹಿಂದೆ ಬಂದು ನಿಂತಿದ್ದರು. "ಗಾಜಿಗೆ ಗೀರು ಬೀಳಬಾರದಂತ ನಾನ ಹಾಳಿ ಹಚ್ಚೀನಿ. ಚಲೋ ಆಗೈತಿಲ್ಲೋ?" ಹತ್ತು ವರ್ಷದಲ್ಲಿ ಅವರು ಆಕೆಯ ಸಾಮಾನಿಗೆಂದು ಮಾಡಿದ ಮೊದಲ ಕೆಲಸ ಅದು. ಮುಖದಲ್ಲಿ ಹುಡುಗರ ಸಂಭ್ರಮ. ಇಂದುಮತಿ ಮಾತು ನುಂಗಿಕೊಂಡಳು. "ಭಾಳ ಚಲೋ ಆಗೈತ್ರಿ ಮಾವಾರ," ಎಂದಳು.

ವಾರ ಕಳೆಯುವಷ್ಟರಲ್ಲಿ ಆಕೆಯ ಕಣ್ಣು ಆ ಬಿಳಿಗೆ ಹೊಂದಿಕೊಂಡಿತು. ನಾನು ಒಳಗಿನಿಂದ ಇದ್ದದ್ದನ್ನೇ ಹೇಳುತ್ತಿದ್ದೆ, ಹೊರಗೆ ಬೇರೆಯೇ ಕೇಳಿಸುತ್ತಿತ್ತು. ಬಾಯಿ ಇಲ್ಲದವನು ಏನು ಮಾಡಲಿ?

ದೊಡ್ಡ ಕೆಲಸ ಬಂದದ್ದು ಆಗಲೇ. ವಿಜಯಪುರದ ಮಾಲತಿಬಾಯಿ ಎಂಬ ಹೆಂಗಸು ತೀರಿಕೊಂಡ ತಾಯಿಯ ಸೀರೆಯಂಥದ್ದೇ ಸೀರೆ ಬೇಕೆಂದಳು, ಐದು ಜನ ಅಕ್ಕತಂಗಿಯರಿಗೆ ಐದು. ಮೂಲ ಸೀರೆ ತಾಯಿಯ ಜೊತೆಗೇ ಮಣ್ಣಿಗೆ ಹೋಗಿತ್ತು. ಉಳಿದದ್ದು ಅಂಗಳದ ಬಿಸಿಲಿನಲ್ಲಿ ತೆಗೆದ ಒಂದೇ ಒಂದು ಒಳ್ಳೆಯ ಫೋಟೋ. "ವರ್ಷದ ಕಾರ್ಯಕ್ಕ ಐದೂ ಮಂದಿ ಉಟ್ಟು ಕುಂದರಬೇಕ್ರೀ," ಎಂದಿದ್ದಳು ಫೋನಿನಲ್ಲಿ. ಮೊಬೈಲ್ ಎಲ್ಲ ಬಣ್ಣವನ್ನೂ ಮೆರೆಸಿ ತೋರಿಸುತ್ತದೆ ಎಂದು ಇಂದುಮತಿ ಅದನ್ನು ನಂಬುವವಳಲ್ಲ. ನನ್ನ ಪರದೆಯ ಮೇಲೆ ಫೋಟೋ ತುಂಬಿಸಿ, ನೂಲಿನ ಲಡಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಹಿಡಿದು ಎರಡು ದಿನ ತಾಳೆ ನೋಡಿದಳು. ಕೊನೆಗೊಂದು ಲಡಿ ಆರಿಸಿ ಬಣ್ಣದವರಿಗೆ ಕಳಿಸಿದಳು.

ನೂಲಿಗೆ ಬಣ್ಣವಾಯಿತು, ಮಗ್ಗ ಹೂಡಿದರು, ಮೊದಲ ಗೇಣು ಇಳಿಯಿತು. ಇಂದುಮತಿ ಅದರ ತುಂಡೊಂದನ್ನು ಬಸ್ಸಿನಲ್ಲಿ ವಿಜಯಪುರಕ್ಕೆ ಕಳಿಸಿದಳು. ಮರುದಿನವೇ ಮಾಲತಿಬಾಯಿಯ ಫೋನು ಬಂತು. ಅಳುವ ದನಿ.

"ಇದು ಗಿಳಿ ಹಸಿರ ಆತಲ್ರೀ! ನಮ್ಮವ್ವನ ಸೀರಿ ನವಿಲ ಕುತ್ತಿಗಿ ಬಣ್ಣದ್ದು. ಫೋಟೋದಾಗ ಕಾಣಲಿಲ್ಲೇನ್ರಿ ನಿಮಗ?"

ಇಂದುಮತಿ ಫೋನು ಕೆಳಗಿಟ್ಟಳು. ಚನಮಲ್ಲಪ್ಪ ಎದ್ದು, ಕಪಾಟಿನಿಂದ ಪುಸ್ತಕ ತಂದು, ಹಸಿರು ತುಂಡು ಅಂಟಿಸಿದರು. ಪೆನ್ನಿನ ಮುಚ್ಚಳ ತೆಗೆದರು. ಹತ್ತು ವರ್ಷ ಕಾದ ಹೆಸರು ಕಟ್ಟಕಡೆಗೆ ತಪ್ಪಿನ ಕೆಳಗೆ ಬರುವುದಿತ್ತು. "ಅವತ್ತ ಹೇಳಿದ್ನಿ, ಮೂರು ತಗೋಳೂಣು ಅಂತ," ಎಂದರು. ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು ಆ ಮಾತಿನಲ್ಲಿ.

ಮಾಲತಿಬಾಯಿಯ ವಿಳಾಸ ಹುಡುಕಲು ಗಂಡ ಅತ್ತ ಕರಿಯನನ್ನು ತೆರೆದಿದ್ದ. ಆಕೆ ಕಳಿಸಿದ್ದ ಇ-ಮೇಲಿನ ಜೊತೆ ಅದೇ ಫೋಟೋ ಅದರಲ್ಲೂ ತೆರೆದುಕೊಂಡಿತು. ನೂಲು ಸುತ್ತುತ್ತ ಕೂತಿದ್ದ ಕಾಶವ್ವ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದಳು.

"ಇಂದವ್ವಾ, ಕರೇದರಾಗ ನವಿಲು ಕಾಣಾಕತ್ತೈತಿ ನೋಡ."

"ಅದು ಸುಳ್ಳು ಹೇಳತೈತ್ರಿ ಅತ್ತ್ಯಾರ. ಅದಕ್ಕ ಬಣ್ಣಾ ಎಲ್ಲಿ ತಿಳೀತೈತಿ?"

"ಬಣ್ಣದ ಮಾತು ಬಿಡು. ಬಿಳಿ ನೋಡ. ಫೋಟೋದಾಗಿನ ಗ್ವಾಡಿ ಅದರಾಗ ಬಿಳಿ ಐತಿ. ನಿನ್ನ ದುಬಾರಿದರಾಗ ಬೆಣ್ಣಿ ಯಾಕ ಆಗೈತಿ?"

ಆಯುಷ್ಯವೆಲ್ಲ ಬಿಳಿ ನೂಲು ಸುತ್ತಿದ ಕಣ್ಣು ಅದು, ಚೀಟಿ ಗೀಟಿ ಅದಕ್ಕೆ ಬೇಕಿರಲಿಲ್ಲ. ಇಂದುಮತಿ ಬಿಳಿ ಲಡಿ ತಂದು ನನ್ನ ಪರದೆಯ ಪಕ್ಕಕ್ಕೆ ಹಿಡಿದಳು. ಆಮೇಲೆ ನನ್ನ ಮೂಲೆಗೆ ಉಗುರು ಕೊಟ್ಟು ಎಳೆದಳು. ಹಾಳೆ ಚರ್ರನೆ ಬಿಟ್ಟುಬಂತು. ಗೋಡೆ ಬೆಳ್ಳಗಾಯಿತು. ಆ ತಾಯಿಯ ಸೀರೆ ನವಿಲಿನ ಕುತ್ತಿಗೆಯಾಗಿ ಹೊಳೆಯಿತು. ಅಬ್ಬಾ, ಆ ಸುಖ ಹೇಳಲಾರೆ! ಎರಡು ತಿಂಗಳ ಮೇಲೆ ಉಸಿರು ಬಿಟ್ಟ ಹಾಗಾಯಿತು.

ಆದರೆ ಅಂಗಡಿಯಲ್ಲಿ ಯಾರೂ ಉಸಿರು ಬಿಡಲಿಲ್ಲ. ಹಾಳೆ ಅಂಟಿಸಿದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಚನಮಲ್ಲಪ್ಪನವರ ಕೈಯಲ್ಲಿ ಪೆನ್ನು ಹಾಗೆಯೇ ನಿಂತಿತ್ತು.

"ಬರೀರಿ ಮಾವಾರ," ಎಂದಳು ಇಂದುಮತಿ. "ತಪ್ಪು ನಂದ ಐತಿ. ಬಿಳಿ ಹಾದಿ ತಪ್ಪೈತಿ ಅಂತ ಮೊದಲನೇ ದಿನಾನ ಗೊತ್ತಾಗಿತ್ತು ನಂಗ. ನಿಮ್ಮ ಮನಸ್ಸು ನೋಯತೈತಿ ಅಂತ ಬಾಯಿ ಬಿಡಲಿಲ್ಲ. ಅವರ ಅವ್ವನ ಸೀರಿ ಕೆಡಿಸಿದ್ನಿ."

ಮುದುಕರು ಕಿತ್ತು ಬಿದ್ದ ಹಾಳೆಯನ್ನು ಎತ್ತಿ ಪಕ್ಕಕ್ಕೆ ಇಟ್ಟುಕೊಂಡರು. ಆಮೇಲೆ ಬರೆದರು. ಒಂದು ಕಡೆ ಬರೆದು, ಹಾಳೆ ತಿರುವಿ, ಮತ್ತೇನೋ ಬರೆದರು. ಪುಸ್ತಕ ಅವರ ಮೊಣಕಾಲಿನ ಮೇಲಿತ್ತು, ನನಗೆ ಕಾಣಲಿಲ್ಲ. ಶಾಯಿಗೆ ಊದಿ, ಮುಚ್ಚಿ, ಕಪಾಟಿನಲ್ಲಿಟ್ಟು ಚಪ್ಪಲಿ ಮೆಟ್ಟಿದರು. "ಬಣ್ಣದವರ ಕಡೆ ಹೋಗಿಬರ್ತೀನಿ. ಹೊಸಾ ನೂಲು ಇವತ್ತ ನೆನೀಬೇಕು," ಎಂದು ಹೊರಟೇಹೋದರು.

ವರ್ಷದ ಕಾರ್ಯಕ್ಕೆ ಎರಡು ದಿನ ಮುಂಚೆ ಐದೂ ಸೀರೆ ವಿಜಯಪುರ ಮುಟ್ಟಿದವು. ಈ ಸಲ ಮಾಲತಿಬಾಯಿ ಫೋನಿನಲ್ಲಿ ಬೇರೆ ರೀತಿ ಅತ್ತಳು. ನವಿಲುಬಣ್ಣದ ತುಂಡು ಅಂಟಿಸಲು ಇಂದುಮತಿ ಪುಸ್ತಕ ತೆರೆದಳು, ತೆರೆದವಳು ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತಳು. ಅದೇನೆಂದು ತಿಳಿಯಲು ನಾನು ಒಂಬತ್ತು ವರ್ಷ ಕಾಯಬೇಕಾಯಿತು.

ಆ ವರ್ಷಗಳನ್ನು ಹೆಚ್ಚು ಹೇಳುವುದಿಲ್ಲ. ಕರಿಯ ಎರಡು ಸಲ ಸತ್ತು ಎರಡು ಸಲ ಬದುಕಿತು. ಊರಿನ ಹುಡುಗರೇ ಕೀಲಿ ಹಾಕಿದರು, ಬ್ಯಾಟರಿ ಬದಲಿಸಿದರು. ಈಗಲೂ ಬಿಲ್ಲು ಬರೆಯುತ್ತಿದೆ. ಈಗ ಅದನ್ನು ನಾನು ಮಾತನಾಡಿಸುತ್ತೇನೆ. ನನ್ನ ಬ್ಯಾಟರಿ ಉಬ್ಬಿದಾಗ ಹುಬ್ಬಳ್ಳಿಗೇ ಹೋಗಬೇಕಾಯಿತು, ಅಲ್ಲಿಯೂ ಹೊಸದು ಹಾಕಲಾಗದೆಂದು ತಲೆ ಆಡಿಸಿ ಅದನ್ನು ಕಿತ್ತು ಕಳಿಸಿದರು. ಅಂದಿನಿಂದ ಗೋಡೆಯ ವೈರಿಗೆ ಕಟ್ಟಿಸಿಕೊಂಡು ಕಿಟಕಿಯ ಮೂಲೆಯಲ್ಲಿ ಕೂತಿದ್ದೇನೆ, ಕರೆಂಟು ಹೋದರೆ ನಾನೂ ಹೋಗುತ್ತೇನೆ. ಚನಮಲ್ಲಪ್ಪ ಹೇಳಿದ್ದು ನಿಜವಾಯಿತು. ಇಂದುಮತಿ ಹೇಳಿದ್ದೂ ನಿಜವೇ, ನನ್ನ ಬಣ್ಣ ಇಂದಿಗೂ ತಪ್ಪಿಲ್ಲ.

ಅದಕ್ಕೇ ನನಗೊಂದು ಕೊನೆಯ ಕೆಲಸ ಸಿಕ್ಕಿತು. ಹಳೆಯ ಪುಸ್ತಕ ಹುಳು ತಿನ್ನುತ್ತಿದೆ, ಒಂದೊಂದೇ ಪುಟದ ಫೋಟೋ ತೆಗೆದು ನನ್ನೊಳಗೆ ಇಡಬೇಕೆಂದು ಇಂದುಮತಿ ಕೂತಳು. ಚನಮಲ್ಲಪ್ಪನವರಿಗೆ ಈಗ ಕಣ್ಣು ಮಂಜು. ಪಕ್ಕದಲ್ಲಿ ಕೂತು, "ಈಗ ಯಾವ ಪುಟಾ?" ಎಂದು ಕೇಳುತ್ತಿರುತ್ತಾರೆ.

ಮೊನ್ನೆ ಆ ಪುಟ ಬಂತು. ಎಡಕ್ಕೆ ಗಿಳಿಹಸಿರು ತುಂಡು. ಅದರ ಪಕ್ಕದಲ್ಲಿ ಅಷ್ಟೇ ಅಗಲದ ಆ ಹಳದಿ ಹಾಳೆಯ ತುಂಡನ್ನೂ ಅಂಟಿಸಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ: "ಕೆಡಿಸಿದವ ಚನಮಲ್ಲಪ್ಪ." ಮುಂದಿನ ಪುಟದಲ್ಲಿ ನವಿಲುಬಣ್ಣದ ತುಂಡು, ಕೆಳಗೆ ಅದೇ ಶಾಯಿ, ಅದೇ ಕೈ: "ಇಂದುಮತಿ." ಹೆಸರಿನ ಕೊನೆಯ ಅಕ್ಷರದ ಮೇಲೆ ಬಟ್ಟೆಯ ಅಂಚು ಚೂರು ಹತ್ತಿ ಕೂತಿತ್ತು. ಹೆಸರು ಮೊದಲು ಬರೆದದ್ದು, ಬಟ್ಟೆ ಆಮೇಲೆ ಅಂಟಿಸಿದ್ದು. ಒಂದು ಎಳೆ ನೂಲೂ ಇನ್ನೂ ನೆನೆಯದ ದಿನ ಮುದುಕರು ಬರೆದಿಟ್ಟ ಹೆಸರು ಅದು.

"ಯಾವ ಪುಟಾ ಇದು?" ಎಂದು ಚನಮಲ್ಲಪ್ಪ ಕೇಳಿದರು.

"ನಂದು ನಿಮ್ದು ಎರಡೂ ಇರೂ ಪುಟಾರಿ ಮಾವಾರ."

"ಬಣ್ಣಾ ಬರೋಬ್ಬರಿ ಬಂದೈತೇನು ಅದರಾಗ?"

ಇಂದುಮತಿ ಬಿಳಿ ನೂಲಿನ ಲಡಿ ತೆಗೆದು ನನ್ನ ಪರದೆಯ ಪಕ್ಕಕ್ಕೆ ಹಿಡಿದಳು. ಈಗ ದಿನವೂ ಮೊದಲು ಮಾಡುವ ಕೆಲಸ ಅದು. ಚೆನ್ನಾಗಿ ನೋಡಿದಳು.

"ಬಂದೈತ್ರಿ," ಎಂದಳು.