ವಾರಪತ್ರಿಕೆಯಲ್ಲಿ ಸತ್ತವನು

“ಏನೋ, ಹೋದ ವಾರಾನೇ ಸತ್ತಿದ್ದೆ, ಮತ್ತೆ ಯಾಕೋ ಬಂದೆ ಬೋಳಿಮಗನೆ?”

ವಾರಪತ್ರಿಕೆಯ ಸಂಪಾದಕ ತನ್ನ ಮಾತಿಗೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂಲೆಯಲ್ಲಿ ಪತ್ರಿಕೆ ಮಡಚುತ್ತಿದ್ದ ಹೆಂಗಸರು, ಸಂಬಳ ಕೊಡುವ ಧಣಿ ನಕ್ಕನಲ್ಲ ಎಂದು ತಾವೂ ನಕ್ಕರು. ನನ್ನ ಹಿಂದೆ ಅಕ್ಕ ನಿಂತಿದ್ದಳು. ಗಂಡನನ್ನು ಮಣ್ಣು ಮಾಡಿ ಬಂದ ಅವಳ ಕಣ್ಣಿನ್ನೂ ಕೆಂಪಾಗಿಯೇ ಇತ್ತು.

ನಿಜವಾಗಿ ಸತ್ತವನು ಭಾವ. ಪತ್ರಿಕೆಯಲ್ಲಿ ಸತ್ತವನು ನಾನು. ಇದೆಂಥ ಕರ್ಮ ಅಂತೀರಾ? ಎಷ್ಟೋ ವರ್ಷದ ಹಿಂದೆ ಇವರು ‘ನಮ್ಮೂರು: ಅಂದು, ಇಂದು’ ಎಂದು ವಿಶೇಷ ಸಂಚಿಕೆ ತಂದಿದ್ದರು. ಊರಿನ ಚರಂಡಿಗೇ ಒಂದು ಪುಟ ಚರಿತ್ರೆ. ಕಲ್ಲು ನೆಟ್ಟವರು ಯಾರು, ರಿಬ್ಬನ್ ಕತ್ತರಿಸಿದವರು ಯಾರು, ಭಾಷಣ ಬಿಗಿದವರು ಯಾರು, ಎಲ್ಲ ಇತ್ತು. ಬಾಚುವವನು ಒಬ್ಬನಾದರೂ ಇರಲಿ ಎಂದು ನನ್ನನ್ನು ಕೆಸರಿಗೆ ಇಳಿಸಿ, ಕೈಗೆ ಸನಿಕೆ ಕೊಟ್ಟು, “ನಗೋ” ಎಂದು ಫೋಟೋ ಹೊಡೆದರು. ನಾನೂ ಪೆದ್ದನ ಹಾಗೆ ಹಲ್ಲು ಕಿರಿದೆ. ಅವತ್ತಿನಿಂದ ನಮ್ಮ ಕೇರಿಯ ಸುದ್ದಿ ಏನೇ ಇರಲಿ, ಅದೇ ಫೋಟೋ. ಗೋಡೌನಿನಲ್ಲಿ ಕಳವಾದರೆ ನಾನು. ಕುಡಿದು ಹೊಡೆದಾಡಿದರೆ ನಾನು. ವಾಂತಿಭೇದಿ ಹಬ್ಬಿದರೂ ನಾನೇ. “ಏನ್ರೀ, ಈ ವಾರ ಏನು ಕದ್ರಿ?” ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು. ನಾವೂ ನಕ್ಕು ಸುಮ್ಮನಾಗುತ್ತಿದ್ದೆವು. ಸಾಯಿಸಿದ್ದು ಮಾತ್ರ ಇದೇ ಮೊದಲು.

‘ಕುಡಿದ ಅಮಲಿನಲ್ಲಿ ಗುಂಡಿಗೆ ಬಿದ್ದು ಕಾರ್ಮಿಕ ಸಾವು’ ಎಂದು ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ನನ್ನ ಹಲ್ಲು ತೋರಿಸಿದ್ದರು. ಅದರ ಕೆಳಗೆ ಅರ್ಧ ಪುಟ ಲಾಡ್ಜಿನ ಜಾಹೀರಾತು. ಆ ಕಕ್ಕಸಿನ ಗುಂಡಿಯೂ ಅದೇ ಲಾಡ್ಜಿನದು.

ಭಾವ ಕುಡಿಯುತ್ತಲೇ ಇರಲಿಲ್ಲ ಎಂದರೆ ಸುಳ್ಳಾದೀತು. ಕುಡಿಯದೆ ಆ ನಾತ ತಡೆಯುವ ಗಂಡಸು ಯಾವನಿದ್ದಾನೆ? ಆದರೆ ಅವತ್ತು ಬೆಳಗ್ಗೆ ಲಾಡ್ಜಿನವರು ನಮ್ಮಿಬ್ಬರನ್ನೂ ನಿದ್ದೆಯಿಂದ ಎಬ್ಬಿಸಿ ಕರೆತಂದಿದ್ದರು, ಚಹಾ ಕೂಡ ಬಾಯಿಗೆ ಬಿದ್ದಿರಲಿಲ್ಲ. ಮುಚ್ಚಳ ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಯಾಡಲಿ ಎಂದು ಭಾವ ಕೇಳಿದ. ಲಾಡ್ಜಿನ ಸಾಹುಕಾರ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ.

“ಗಾಳಿ ಬೇಕಾ? ಫ್ಯಾನ್ ಹಾಕಿಸ್ಲೇನೋ ನಿಂಗೆ? ರೂಮೆಲ್ಲ ಗಬ್ಬು ನಾರ್ತಿದೆ, ಗಿರಾಕಿಗಳು ನನ್ನ ಮುಖಕ್ಕೆ ಉಗೀತಿದಾರೆ. ಇಳಿಯೋ ಸೂಳೆಮಗನೆ!”

ಭಾವ ಇಳಿದ. ಹಗ್ಗ ನನ್ನ ಕೈಯಲ್ಲಿತ್ತು. ಎಷ್ಟು ಕೂಗಿದರೂ ಓಗೊಡಲಿಲ್ಲ ಎಂದು ಎಳೆದರೆ ಹೆಣ ಬಂತು. “ಅಯ್ಯೋ, ಹಂಗೇ ಮುಂದಿನ ಗೇಟಲ್ಲಿ ತಗೊಂಡು ಹೋಗ್ಬೇಡ್ರೋ, ಮೊದ್ಲು ನೀರು ಸುರೀರಿ” ಎಂದ ಸಾಹುಕಾರ. ಅವನ ಬಾಯಿಂದ ಬಂದದ್ದು ಅಷ್ಟೇ.

ಈಗ ಅಕ್ಕನ ಮಗಳನ್ನು ಶಾಲೆಯಲ್ಲಿ ಮೇಷ್ಟ್ರೇ ‘ಏ ಕುಡುಕನ ಮಗಳೇ’ ಎಂದು ಕರೆಯುತ್ತಿದ್ದರು. ಅವನು ಕುಡಿದು ಬಿದ್ದದ್ದಲ್ಲ, ಬೈದು ಇಳಿಸಿದ್ದು ಎಂದು ಬರೆಯಿರಿ, ಅವನ ಫೋಟೋ ಹಾಕಿರಿ ಎಂದು ಕೇಳುವುದಕ್ಕೇ ಅಕ್ಕ ಬಂದಿದ್ದಳು.

“ದೂರ ನಿಂತ್ಕೊಳ್ಳೇ ಮುಂಡೇದೆ, ಕಾಗದಕ್ಕೆಲ್ಲ ವಾಸ್ನೆ ಹಿಡಿಯುತ್ತೆ” ಎಂದು ಸಂಪಾದಕ ಗಾಜಿನ ಬೀರುವಿನತ್ತ ಕೈ ತೋರಿಸಿದ. ಒಳಗೆ ರಟ್ಟು ಕಟ್ಟಿದ ಹಳೆಯ ಸಂಚಿಕೆಗಳ ಸಾಲು. “ನಮ್ಮಪ್ಪನ ಕಾಲದಿಂದ ಬೈಂಡ್ ಮಾಡಿಸಿಟ್ಟಿದೀನಿ. ಈ ಊರಿನ ಚರಿತ್ರೆ ಅಂದ್ರೆ ಇದೇ. ನಾಳೆ ನಿನ್ನ ಮೊಮ್ಮಕ್ಕಳು ಬಂದು ನೋಡಿದ್ರೂ ನಿನ್ನ ಗಂಡ ಇದ್ರಲ್ಲಿ ಕುಡಿದೇ ಬಿದ್ದಿರ್ತಾನೆ. ತಿದ್ದೋಕೆ ಇದೇನು ನಿನ್ನ ಗಂಡನ ಮನೆ ಗೋಡೆನಾ?”

ಅಕ್ಕ ಬಟ್ಟೆಯ ಗಂಟು ಬಿಚ್ಚಿ ಫೋಟೋ ಕೊಟ್ಟಳು. ಮದುವೆಯಾದ ಹೊಸತರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಭಾವ ಕೋಟು ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬೀಗಿ ನಿಂತಿದ್ದ.

“ಥತ್, ಇವನು ಕೂಲಿಯೋನ ಥರಾನೇ ಇಲ್ವಲ್ಲೇ! ಇದನ್ನ ಹಾಕಿದ್ರೆ ಯಾರೋ ದೊಡ್ಡ ಮನುಷ್ಯ ಹೋದ ಅನ್ಕೋತಾರೆ ಜನ.”

“ಕೋಟು ಸ್ಟುಡಿಯೋದವ್ರದು ಸ್ವಾಮಿ. ಮುಖ ನಮ್ಮೋರದೇ.”

“ಮುಖ ಯಾವನಿಗೆ ಬೇಕು? ನಿನ್ನ ತಮ್ಮನ್ನ ನೋಡು. ಕೆಸರು, ಸನಿಕೆ, ಎಲ್ಲ ಲಕ್ಷಣವಾಗಿದೆ. ನೋಡಿದ ತಕ್ಷಣ ಗೊತ್ತಾಗುತ್ತೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ನಾನು ಬದುಕಿದೀನಲ್ರೀ!”

“ಬದುಕಿದೀಯ ಅಂತ ಯಾವನಿಗೆ ಗೊತ್ತೋ?” ಎಂದವನೇ ಅಕ್ಕನ ಕಡೆ ತಿರುಗಿ ದನಿ ಇಳಿಸಿದ. “ಕೇಳಮ್ಮ, ಸಾಹುಕಾರ್ರು ಒಳ್ಳೇವ್ರು. ಭಾನುವಾರ ಲಾಡ್ಜಲ್ಲಿ ನಿನ್ನ ಗಂಡನಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದಾರೆ. ನಿಂಗೆ ಅಲ್ಲೇ ಕಸ ಗುಡಿಸೋ ಕೆಲಸ ಕೊಡ್ತಾರಂತೆ. ನೀನು ಫೋಟೋ ಪಕ್ಕ ನಿಂತ್ಕೊ, ಕೈ ಮುಗಿ, ಬಾಯಿ ಮುಚ್ಕೊಂಡಿರು. ಆಮೇಲೆ ನೀನು, ಸತ್ತೋನೇ, ಆ ಕಡೆ ತಲೆ ಹಾಕ್ಬೇಡ.”

ಮನೆ ಮುಟ್ಟಿದ ಮೇಲೆ ಅಕ್ಕ, “ಹೋಗ್ತೀನಿ ಕಣೋ. ಮಗು ಹೊಟ್ಟೆಗೆ ಏನು ಹಾಕ್ಲಿ?” ಎಂದಳು. ಬೇಡ ಅನ್ನಲು ನನಗೆ ಯಾವ ಬಾಯಿ? ನನ್ನ ಮನೆಯ ಒಲೆಯೇ ನೆಟ್ಟಗೆ ಉರಿಯುತ್ತಿರಲಿಲ್ಲ.

ಭಾನುವಾರ ತಡೆಯಲಾರದೆ ನಾನೂ ಹೋಗಿ ಲಾಡ್ಜಿನ ಹಾಲಿನ ಬಾಗಿಲಲ್ಲಿ ನಿಂತೆ. ವೇದಿಕೆಯ ಮೇಲೆ ನನ್ನದೇ ಫೋಟೋ, ಆಳೆತ್ತರಕ್ಕೆ ಹಿಗ್ಗಿಸಿದ್ದು. ಮುಂದೆ ಬಿಳಿ ಹೂವಿನ ರಾಶಿ. ನನ್ನ ಸಾವಿಗೆ ನಾನೇ ಬಂದ ಹಾಗಾಯಿತು. ಸಾಹುಕಾರ ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಅಕ್ಕನನ್ನು ನಿಲ್ಲಿಸಿದ್ದರು. “ನಮ್ಮ ಮನೆ ಮಗನ ಹಾಗಿದ್ದ, ಪಾಪ, ಚಟ ಅವನನ್ನ ತಿಂತು” ಎಂದು ಸಾಹುಕಾರ ಮೈಕಿನಲ್ಲಿ ಹೇಳಿದ. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೆಲವರು ತಟ್ಟಿದರು.

ಸಂಪಾದಕ ಕ್ಯಾಮೆರಾ ಹಿಡಿದು ಮುಂದೆ ಬಂದ. “ಅಳಮ್ಮ ಸ್ವಲ್ಪ. ಹಿಂಗೆ ಮರದ ಥರ ನಿಂತ್ರೆ ಹೆಂಗೆ? ಗಂಡನ ಮುಖ ನೋಡ್ಕೊಂಡು ಅಳು.”

ಅಕ್ಕ ಫೋಟೋದ ಕಡೆ ನೋಡಿದಳು. ನಾನು ಚಿಕ್ಕವನಿದ್ದಾಗ ಸೊಂಟದಿಂದ ಇಳಿಸದೆ ಹೊತ್ತು ತಿರುಗಿದವಳು ಅವಳು. ಅಮ್ಮ ಕೆಲಸಕ್ಕೆ ಹೋದಾಗ ನನಗೆ ಉಣಿಸಿ ತಾನು ನೀರು ಕುಡಿದು ಮಲಗಿದವಳು.

“ಯಾವನೋ ನನ್ನ ಗಂಡ?” ಎಂದಳು. ಮೈಕು ಹತ್ತಿರವೇ ಇದ್ದದ್ದರಿಂದ ಹಾಲೆಲ್ಲ ಕೇಳಿಸಿತು. “ಇವನು ನನ್ನ ತಮ್ಮ. ಅಕೋ, ಬಾಗ್ಲಲ್ಲಿ ನಿಂತವ್ನೆ, ಗುಂಡುಕಲ್ಲಿನಂಗೆ. ನನ್ನ ಗಂಡನಿಗೆ ಗಾಳಿಯಾಡೋಕೂ ಬಿಡ್ದೆ ಗುಂಡಿಗೆ ಇಳಿಸಿ ಕೊಂದೋನು ಇಲ್ಲಿ ಕುರ್ಚಿ ಮೇಲೆ ಕೂತವ್ನೆ.”

ತಲೆಗಳೆಲ್ಲ ಒಟ್ಟಿಗೆ ನನ್ನತ್ತ ತಿರುಗಿದವು. “ಏಯ್, ಎಳ್ಕೊಂಡು ಹೋಗ್ರೋ ಇವಳನ್ನ” ಎಂದು ಸಾಹುಕಾರ ಅರಚಿದ. ಲಾಡ್ಜಿನ ಆಳುಗಳಿಬ್ಬರು ಅಕ್ಕನತ್ತ ಓಡಿದರು. ನಾನೂ ಓಡಿ ಅವರಿಗೆ ಅಡ್ಡ ಬಿದ್ದೆ. ಬೆನ್ನ ಮೇಲೆ ಏಟು ಬೀಳುತ್ತಿದ್ದರೂ ಅವರ ಕಾಲು ಬಿಡಲಿಲ್ಲ.

ಅಷ್ಟರಲ್ಲಿ ಅಕ್ಕ ಬಗ್ಗಿ ಫೋಟೋದ ಮುಂದಿನ ಹೂವನ್ನೆಲ್ಲ ಎರಡೂ ಕೈಯಲ್ಲಿ ಬಾಚಿ, ಸಾಹುಕಾರನ ಮಡಿಲಿಗೆ, ಎದೆಗೆ, ತಲೆಗೆ ಸುರಿದಳು. ಅವನು ಏಳುವುದನ್ನೇ ಮರೆತು ಕೂತುಬಿಟ್ಟ.

“ಹೊಡಿಯೋ ಈಗ ಫೋಟೋ” ಎಂದಳು ಸಂಪಾದಕನಿಗೆ. “ಮುಂದಿನ ವಾರ ಇವನು ಸಾಯ್ಲಿ.”