ನರ್ಸಮ್ಮ ಅಂದರೆ ಯಾವ ಗುಂಡಿ

ನಮ್ಮ ಅಂಗಡಿಯಲ್ಲಿ ಗುಂಡಿಗಳಿಗೆ ನಂಬರಿಲ್ಲ, ಹೆಸರಿದೆ. ಅಕ್ಕ ಮತ್ತು ನಾನು ಅಂಗಡಿ ತೆರೆದ ಮೊದಲ ವಾರವೇ ಶುರುವಾದ ಅಭ್ಯಾಸ ಅದು. ಯಾವ ಗುಂಡಿಯನ್ನು ಮೊದಲು ಯಾರು ಕೊಂಡರೋ ಆ ಗುಂಡಿಗೆ ಅವರದೇ ಹೆಸರು. ಬಿಳಿಯದು, ಚಿಕ್ಕದು, ನಾಲ್ಕು ತೂತಿನದು ನರ್ಸಮ್ಮ. ಹಿತ್ತಾಳೆಯ ಹೊಳಪಿನದು ಬ್ಯಾಂಡಿನವನು. ಕಪ್ಪಗೆ ದಪ್ಪಗೆ ಇರುವುದು ಕೋರ್ಟು ಗುಮಾಸ್ತ. ಕೆಂಪು ಮಖಮಲ್ಲು ಸುತ್ತಿದ್ದಕ್ಕೆ ಎರಡನೇ ಮದುವೆ ಎಂದು ಹೆಸರು, ಯಾಕೆಂದರೆ ಕೊಂಡಾಕೆ ವಿಷಯವನ್ನೇನೂ ಮುಚ್ಚಿಡಲಿಲ್ಲ.

ಗೋಡೆಯ ತುಂಬ ಇನ್ನೂರ ನಲವತ್ತು ಪುಟ್ಟ ಡ್ರಾಯರುಗಳಿವೆ. ಪ್ರತಿಯೊಂದರ ಮುಖಕ್ಕೂ ಒಂದೊಂದು ಗುಂಡಿ ಹೊಲಿದ ಬಟ್ಟೆಯ ತುಂಡು ಅಂಟಿಸಿದೆ. ಹೆಸರನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಅದು ಅಕ್ಕನ ತಲೆಯಲ್ಲಿತ್ತು, ನನ್ನ ತಲೆಯಲ್ಲಿತ್ತು. ಇಪ್ಪತ್ತೆಂಟು ವರ್ಷ ಅಷ್ಟೇ ಸಾಕಾಗಿತ್ತು. ಊರಿನ ಟೈಲರುಗಳೂ ಕಲಿತುಕೊಂಡು, "ಚಿಕ್ಕಮ್ಮಾ, ಎರಡು ಡಜನ್ ನರ್ಸಮ್ಮ ಕೊಡಿ" ಎಂದೇ ಕೇಳುತ್ತಿದ್ದರು. ಎಲ್ಲರಿಗೂ ಅಕ್ಕ ದೊಡ್ಡಮ್ಮ, ನಾನು ಚಿಕ್ಕಮ್ಮ.

ಹೀಗಿರುವಾಗ ಒಂದು ದಿನ ಅಕ್ಕ ಇದ್ದಕ್ಕಿದ್ದಂತೆ, "ನಮ್ಮಂಗಡಿಗೂ ಒಂದು ವೆಬ್‌ಸೈಟ್ ಮಾಡಿಸೋಣ ಕಣೇ" ಅಂದಳು.

ನನಗೆ ಮೈ ಉರಿಯಿತು. "ಯಾರಿಗೆ? ಈ ಬೀದೀಲಿ ನಮ್ಮಂಗಡಿ ಗೊತ್ತಿಲ್ಲದೋರು ಯಾರಿದಾರೆ?" ಎಂದು ಕೇಳಿದೆ.

"ಹೆಸರೆಲ್ಲ ಒಂದು ಕಡೆ ಇರ್ಲಿ ಅಂತ."

"ಇವೆಯಲ್ಲ, ನನ್ನ ತಲೇಲಿ."

ಅಕ್ಕ ದಾರದುಂಡೆ ಸುತ್ತುತ್ತಾ ಕೂತಳು. ಅವಳು ಹಾಗೆ ದಾರ ಸುತ್ತಲು ಕೂತಳೆಂದರೆ ಕೆಲಸ ಆಗಿಯೇ ಆಗುತ್ತದೆ ಎಂದು ಅರ್ಥ. ನಾನು ಜಗಳ ಆಡಿ ಗೆಲ್ಲುವವಳು, ಅವಳು ಆಡದೆಯೇ ಗೆಲ್ಲುವವಳು.

ಮಾಡಿಕೊಡಲು ಒಪ್ಪಿದವನು ಮೂರು ಅಂಗಡಿ ಆಚೆಗಿರುವ ಫೋಟೋ ಸ್ಟುಡಿಯೋದವನು. ಪಾಸ್‌ಪೋರ್ಟ್ ಫೋಟೋಗೆ ಈಗ ಯಾರೂ ಬರುವುದಿಲ್ಲವೆಂದು ಅವನು ಸಣ್ಣ ಅಂಗಡಿಗಳಿಗೆ ಕಡಿಮೆ ಖರ್ಚಿನ ವೆಬ್‌ಸೈಟ್ ಮಾಡಲು ಶುರು ಮಾಡಿದ್ದ. ಒಂದೇ ಉದ್ದನೆಯ ಪುಟ, ಗುಂಡಿಯ ಫೋಟೋ, ಕೆಳಗೆ ಹೆಸರು, ಬೆಲೆ, ನಮ್ಮ ಫೋನ್ ನಂಬರು, ಅಷ್ಟೇ. ವರ್ಷಕ್ಕೆ ಒಂದು ಪ್ಯಾಂಟು ಹೊಲಿಸುವಷ್ಟು ಖರ್ಚು ಅಂದ. ಪುಟದ ಅಚ್ಚು ಎಲ್ಲೋ ಪುಕ್ಕಟೆ ಸಿಗುತ್ತದಂತೆ. ಮೊದಲ ದಿನ ತೋರಿಸಿದಾಗ ಅದರ ನೆತ್ತಿಯ ಮೇಲೆ ನಾಲ್ಕು ಜನ ಹಲ್ಲು ಕಿರಿಯುತ್ತಾ ಕೂತಿದ್ದರು.

"ಯಾರಯ್ಯಾ ಇವರೆಲ್ಲ?" ಎಂದೆ.

"ಸುಮ್ನೆ ಮಾದರಿಗೆ, ಚಿಕ್ಕಮ್ಮಾ. ತೆಗೀತೀನಿ."

"ನಮ್ಮಂಗಡೀಲಿ ಇಷ್ಟು ಜನ ನಗೋ ಅಂಥದ್ದೇನೂ ನಡೆಯಲ್ಲ. ಈಗ್ಲೇ ತೆಗಿ."

ಆಮೇಲೆ ಅವನು ಹೆಸರಿನ ವಿಷಯಕ್ಕೆ ಬಂದ. ಬಣ್ಣ, ಅಳತೆ, ತೂತು ಇಷ್ಟು ಬರೆದರೆ ಹೊಸಬರಿಗೂ ತಿಳಿಯುತ್ತದೆ ಅಂದ. ಅಕ್ಕ ಕೂಡದು ಅಂದಳು. ಅಂಗಡಿಯ ಹೆಸರುಗಳೇ ಬೇಕು, ಒಂದೂ ಬಿಡದೆ ಬೇಕು ಅಂದಳು. ಅವನು ತಲೆ ಕೆರೆದುಕೊಂಡು ಒಪ್ಪಿದ. ಆರು ದಿನ ಮಧ್ಯಾಹ್ನ ಅಂಗಡಿಗೆ ಬಂದು, ಕಿಟಕಿಯ ಹತ್ತಿರ ಬಿಳಿ ಕಾಗದ ಹಾಸಿ, ಒಂದೊಂದೇ ಗುಂಡಿಯನ್ನು ಇಟ್ಟು ಫೋಟೋ ತೆಗೆದ. ನಾನು ಏಣಿ ಹತ್ತಿ ಡ್ರಾಯರು ತೆಗೆದುಕೊಡುತ್ತಿದ್ದೆ, ಅಕ್ಕ ಹೆಸರು ಹೇಳುತ್ತಿದ್ದಳು. ಕೊನೆಗೆ ಅವನು, "ಏನಾದ್ರೂ ತಿದ್ದೋದಿದ್ರೆ ನನ್ನ ಫೋನಿಗೆ ಮಾತಲ್ಲೇ ಹೇಳಿ ಕಳಿಸಿಬಿಡಿ, ಸಂಜೆ ಹೊತ್ತಿಗೆ ಸರಿ ಮಾಡ್ತೀನಿ" ಎಂದು ಹೋದ.

ಹತ್ತು ದಿನ ಸುಸೂತ್ರವಾಗಿ ನಡೆಯಿತು. ಹನ್ನೊಂದನೆಯ ದಿನ ಯೂನಿಫಾರಂ ಟೈಲರು ಪೊಟ್ಟಣ ಹಿಡಿದುಕೊಂಡು ಬಂದು ಕೌಂಟರಿನ ಮೇಲೆ ಸುರಿದ. ಕಪ್ಪು ಗುಂಡಿಗಳು.

"ಆಸ್ಪತ್ರೆ ಕೋಟಿಗೆ ನರ್ಸಮ್ಮ ಕಳಿಸಿ ಅಂದ್ರೆ ಕೋರ್ಟು ಗುಮಾಸ್ತನ್ನ ಕಳಿಸಿದೀರಲ್ಲ! ನಾನೇನೋ ಕೈತಪ್ಪು ಅಂದ್ಕೊಂಡೆ. ನೋಡಿದ್ರೆ ನಿಮ್ಮ ವೆಬ್‌ಸೈಟಲ್ಲೂ ಹಂಗೇ ಇದೆ."

ಅವನ ಫೋನಿನಲ್ಲಿ ನೋಡಿದೆ. ನರ್ಸಮ್ಮ ಎಂಬ ಹೆಸರಿನ ಮೇಲೆ ಕಪ್ಪು ದಪ್ಪ ಗುಂಡಿ ರಾಜನ ಹಾಗೆ ಕೂತಿತ್ತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಕ್ಕನ ಕಡೆ ತಿರುಗಿದರೆ, ಅವಳು ಕಪ್ಪು ಗುಂಡಿಗಳನ್ನು ಬಾಚಿ ಡ್ರಾಯರಿಗೆ ಹಾಕಿ, ಬಿಳಿಯವನ್ನು ಎಣಿಸಿಕೊಟ್ಟಳು. ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಕೊಂಡೇ ಎಣಿಸಿದಳು.

ನಾನು ಸ್ಟುಡಿಯೋಗೆ ಹೋಗಿ ಅವನ ಜನ್ಮ ಜಾಲಾಡಿದೆ. ಅವನು ತನ್ನ ಫೋನ್ ಕೈಗೆತ್ತಿಕೊಂಡು ಮತ್ತೆ ಮೇಜಿನ ಮೇಲಿಟ್ಟ. ಅಂದು ಸಂಜೆಯೇ ಸರಿ ಮಾಡಿದ. ನಾಲ್ಕು ದಿನಕ್ಕೆ ಬ್ಯಾಂಡಿನವನ ಜಾಗದಲ್ಲಿ ಮಕ್ಕಳ ಫ್ರಾಕಿಗೆ ಹಾಕುವ ಬಾತುಕೋಳಿ ಗುಂಡಿ ಬಂದಿತ್ತು. ಹಳದಿ ಬಾತುಕೋಳಿ! ಆ ಮೀಸೆಯ ಬ್ಯಾಂಡಿನವನು ನೋಡಿದ್ದರೆ ತುತ್ತೂರಿಯಲ್ಲೇ ಹೊಡೆಯುತ್ತಿದ್ದ. ಮತ್ತೆ ಹೋಗಿ ಕೂಗಾಡಿದೆ.

"ಚಿಕ್ಕಮ್ಮಾ, ನಾನಾಗಿ ಏನೂ ಬದಲಾಯಿಸಲ್ಲ" ಎಂದ ಅವನು ನೆಲ ನೋಡುತ್ತಾ. "ನಿಮ್ಮ ಅಂಗಡಿಯಿಂದ ಏನು ಹೇಳಿ ಕಳಿಸ್ತಾರೋ ಅದನ್ನೇ ಹಾಕ್ತೀನಿ."

ನಮ್ಮ ಅಂಗಡಿಯಲ್ಲಿ ಇರುವವರೇ ಇಬ್ಬರು. ನಾನಲ್ಲ ಎಂದ ಮೇಲೆ ಇನ್ನು ಯಾರು? 

ಅಂದಿನಿಂದ ಅಕ್ಕನ ಮೇಲೆ ಕಣ್ಣಿಟ್ಟೆ. ಒಮ್ಮೊಮ್ಮೆ ಅವಳು ಡ್ರಾಯರುಗಳ ಮುಂದೆ ನಿಂತು ಒಂದೊಂದೇ ಗುಂಡಿ ಮುಟ್ಟಿ ತುಟಿ ಅಲುಗಿಸುತ್ತಿದ್ದಳು, ಪಾಠ ಒಪ್ಪಿಸುವವರ ಹಾಗೆ. ನಾನು ಒಳಗೆ ಬಂದರೆ ಫೋನನ್ನು ಸೆರಗಿನಡಿಗೆ ಸೇರಿಸುತ್ತಿದ್ದಳು. ನಾನು ಏಣಿ ಹತ್ತಿ ಪೊಟ್ಟಣ ಕಟ್ಟಿದ ಮೇಲೂ ಯಾಕೋ ಮತ್ತೆ ಬಿಚ್ಚಿ ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟೆ.

"ಅಕ್ಕಾ, ನಿಂಗೆ ಏನಾದ್ರೂ ಮರೆತು ಹೋಗ್ತಾ ಇದೆಯಾ?"

ಅವಳು ನನ್ನನ್ನೇ ಬಹಳ ಹೊತ್ತು ನೋಡಿದಳು. "ವಯಸ್ಸಾಯ್ತಲ್ಲೇ" ಅಂದಳು. ಅಷ್ಟೇ.

ನನಗೆ ಭಯವಾಯಿತು, ಹೇಳಿಬಿಡುತ್ತೇನೆ. ಅಕ್ಕನ ಗಂಡ ತೀರಿಕೊಂಡ ವರ್ಷವೇ ನಾವು ಅಂಗಡಿ ತೆರೆದದ್ದು. ನಾನು ಮದುವೆಯ ಗೋಜಿಗೇ ಹೋದವಳಲ್ಲ. ಅಂಗಡಿಯ ಮೇಲಿನ ಎರಡು ಕೋಣೆ, ಕೆಳಗಿನ ಈ ಗೋಡೆ, ಇಷ್ಟರಲ್ಲೇ ನಮ್ಮ ಬಾಳು ಸಾಗಿತ್ತು. ಅಕ್ಕನಿಗೆ ನೆನಪು ಹೋದರೆ ಅವಳು ಕಪ್ಪಿಗೆ ಬಿಳಿ ಕೊಡುತ್ತಾಳೆ, ಟೈಲರುಗಳು ಬಿಡುತ್ತಾರೆ, ಅಂಗಡಿ ಮುಚ್ಚುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಗುಂಡಿಗಳಾದ ಮೇಲೆ ಅವಳು ನನ್ನನ್ನೂ ಮರೆಯುತ್ತಾಳೆ. ಅದಕ್ಕೆ ಮೊದಲೇ ಅವಳನ್ನು ಕೌಂಟರಿನಿಂದ ಎಬ್ಬಿಸಿ ಮೇಲಿನ ಕೋಣೆಯಲ್ಲಿ ಕೂರಿಸಬೇಕು, ಅಂಗಡಿ ನಾನೊಬ್ಬಳೇ ನೋಡಿಕೊಳ್ಳಬೇಕು ಎಂದು ತೀರ್ಮಾನಿಸಿದೆ. ಹೇಳುವುದು ಹೇಗೆ ಎಂಬುದೊಂದೇ ತಿಳಿಯಲಿಲ್ಲ. ಅವಳು ಒಪ್ಪುವವಳಲ್ಲ. ಸಾಕ್ಷಿ ಬೇಕಿತ್ತು.

ಮಾರನೆಯ ವಾರ ವೆಬ್‌ಸೈಟಿನಲ್ಲಿ ಎರಡನೇ ಮದುವೆಯ ಫೋಟೋದ ಕೆಳಗೆ ನರ್ಸಮ್ಮ ಎಂಬ ಹೆಸರು ಕಾಣಿಸಿಕೊಂಡಿತು. ನಾನು ಅಕ್ಕನ ಕೈ ಹಿಡಿದುಕೊಂಡು, "ಬಾ ನನ್ನ ಜೊತೆ" ಎಂದು ಎಳೆದೆ.

"ಬೇಡ ಕಣೇ" ಅಂದಳು ಅಕ್ಕ. "ನಾನೇ ಅವನಿಗೆ ಹೇಳಿ ಸರಿ ಮಾಡಿಸ್ತೀನಿ, ಬಿಡು."

"ಗೊತ್ತಿತ್ತು ನನಗೆ! ನೀನೇ ಅವನಿಗೆ ಹೇಳ್ತಿರೋದು ಅಂತ ಗೊತ್ತಿತ್ತು!"

ಸ್ಟುಡಿಯೋದಲ್ಲಿ ಫೋಟೋಗೆ ಕೂರಿಸುವ ಸ್ಟೂಲಿನ ಮೇಲೆ ಅಕ್ಕನನ್ನು ಕೂರಿಸಿದೆ. ಅವನಿಗೆ, "ನಮ್ಮಂಗಡಿಯಿಂದ ಫೋನಿಗೆ ಬಂದ ಮಾತನ್ನೆಲ್ಲ ಹಾಕು, ನಾವಿಬ್ರೂ ಕೇಳ್ತೀವಿ" ಎಂದೆ.

ಅವನು ಅಕ್ಕನ ಮುಖ ನೋಡಿದ. ಅಕ್ಕ ಬೇಡವೆಂದು ತಲೆಯಾಡಿಸಿದಳು.

"ಅವಳ ಮುಖ ಏನು ನೋಡ್ತೀಯಾ? ಹಾಕು ಅಂದ್ರೆ ಹಾಕು!"

ಅವನು ಹಾಕಿದ. ಫೋನಿನಿಂದ ಹೊರಬಂದದ್ದು ನನ್ನ ದನಿ.

"ಏನಯ್ಯಾ, ಕಣ್ಣು ಕಾಣಲ್ವಾ ನಿಂಗೆ? ನರ್ಸಮ್ಮ ಅಂದ್ರೆ ಕಪ್ಪು ಗುಂಡಿ. ದಪ್ಪದು. ಇಪ್ಪತ್ತೆಂಟು ವರ್ಷದಿಂದ ಮಾರ್ತಿದೀನಿ, ನಂಗೇ ಹೇಳಿಕೊಡ್ತೀಯಾ? ಸಂಜೆಯೊಳಗೆ ಬದಲಾಯ್ಸು."

ಅದರ ಹಿಂದೆ ಅಕ್ಕನ ದನಿ ಬಂತು, ಪಿಸುಮಾತಿನಲ್ಲಿ. "ಚಿಕ್ಕಮ್ಮ ಹೇಳಿದ್ದನ್ನ ಹಾಕ್ಬೇಡಪ್ಪ. ಬಿಳೀದೇ ಇರ್ಲಿ. ಅವಳಿಗೆ ಮಾತ್ರ ಏನೂ ಹೇಳ್ಬೇಡ." ಮತ್ತೆ ನಾನು, ಬಾತುಕೋಳಿಯ ವಿಷಯ, ಇನ್ನೂ ಜೋರಾಗಿ. ಮತ್ತೆ ಅಕ್ಕ. ಮತ್ತೆ ನಾನು. ಒಟ್ಟು ಏಳು ಸಲ ನಾನಿದ್ದೆ.

"ಯಾರ ಮಾತು ಕೇಳ್ಬೇಕೋ ನಂಗೂ ಗೊತ್ತಾಗ್ಲಿಲ್ಲ ಚಿಕ್ಕಮ್ಮಾ" ಎಂದ ಅವನು. ಅವನ ಕಣ್ಣಲ್ಲಿ ನೀರಿತ್ತು. "ದೊಡ್ಡಮ್ಮ ಹೇಳಿದ್ದು ಹಾಕಿದ್ರೆ ನೀವು ಮತ್ತೆ ಬೈದು ಕಳಿಸ್ತಿದ್ರಿ. ನೀವು ಹೇಳಿದ್ದು ಹಾಕಿದ್ರೆ ಬಂದು ಬೈತಿದ್ರಿ."

ಒಂದು ಮಾತನ್ನೂ ನಾನು ಆಡಿದ ನೆನಪಿರಲಿಲ್ಲ. ಬೈಗುಳ ನನ್ನದೇ, ದಮ್ಮು ನನ್ನದೇ, ಮಾತಿನ ನಡುವೆ ಗಂಟಲು ಸರಿಮಾಡಿಕೊಳ್ಳುವ ರೀತಿಯೂ ನನ್ನದೇ. ಯಾರೋ ನನ್ನ ಸೀರೆ ಉಟ್ಟು ನನ್ನ ಅಂಗಡಿಯಲ್ಲಿ ಕೂತಂತೆ ಅನ್ನಿಸಿತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಅಂಗಡಿಗೆ ಬಂದು ಬಾಗಿಲು ಅರ್ಧ ಎಳೆದುಕೊಂಡು ಕೂತೆವು.

"ಟೈಲರಿಗೆ ಕಪ್ಪು ಗುಂಡಿ ಕಟ್ಟಿದ್ದೂ ನಾನೇನಾ?"

"ಹ್ಞೂಂ."

"ಯಾವಾಗಿಂದ?"

"ಒಂದು ವರ್ಷದ ಮೇಲಾಯ್ತು. ನೀನು ಏಣಿ ಮೇಲೆ ನಿಂತ್ಕೊಂಡು, 'ಅಕ್ಕಾ, ನರ್ಸಮ್ಮ ಅಂದ್ರೆ ಯಾವ್ದೇ?' ಅಂತ ಕೇಳಿದ್ದೆ. ತಮಾಷೆ ಮಾಡ್ತಿದೀಯ ಅನ್ಕೊಂಡೆ. ಸಂಜೆ ಮತ್ತೆ ಕೇಳ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ ಕಣೇ" ಅಂದಳು ಅಕ್ಕ. "ಎರಡು ಸಲ ಹೇಳ್ದೆ. ಎರಡು ಸಲಾನೂ ನೀನು ಇಡೀ ದಿನ ಅತ್ತೆ. ಬೆಳಿಗ್ಗೆ ಎದ್ದು ಏನೂ ಆಗಿಲ್ಲ ಅನ್ನೋ ಹಾಗೆ ಕಾಫಿ ಮಾಡ್ದೆ. ಮೂರನೇ ಸಲ ಅಳಿಸೋಕೆ ನಂಗೆ ಮನಸ್ಸು ಬರ್ಲಿಲ್ಲ." ಆಮೇಲೆ, "ವೆಬ್‌ಸೈಟ್ ಯಾರಿಗೆ ಅಂತ ಕೇಳಿದ್ಯಲ್ಲ. ನಿಂಗೇ ಕಣೇ. ನಂಗೇನಾದ್ರೂ ಆದ್ರೆ ನೀನು ಫೋನ್ ನೋಡ್ಕೊಂಡಾದ್ರೂ ಅಂಗಡಿ ನಡೆಸ್ಲಿ ಅಂತ" ಅಂದಳು.

ನಾನು ಅವಳನ್ನು ಮೇಲಿನ ಕೋಣೆಗೆ ಕಳಿಸಲು ಹೊರಟಿದ್ದೆ. ಅದನ್ನೂ ಅವಳಿಗೆ ಹೇಳಿದೆ. "ಗೊತ್ತಿತ್ತು ಬಿಡು, ನಿನ್ನ ಮುಖದಲ್ಲಿ ಏನು ನಿಲ್ಲುತ್ತೆ?" ಎಂದು ನಕ್ಕಳು. ಆಮೇಲೆ ಇಬ್ಬರೂ ಅತ್ತೆವು.

ಅತ್ತು ಮುಗಿದ ಮೇಲೆ ನನಗೆ ಒಂದು ಉಪಾಯ ಹೊಳೆಯಿತು. ತಲೆ ನೆಟ್ಟಗಿರುವಾಗಲೇ ಮಾಡಿಬಿಡಬೇಕು ಎಂದು ಫೋನ್ ತೆಗೆದು ಸ್ಟುಡಿಯೋದವನಿಗೆ ಮಾತಿನಲ್ಲೇ ಹೇಳಿ ಕಳಿಸಿದೆ.

"ನೋಡಪ್ಪ, ಚಿಕ್ಕಮ್ಮ ಮಾತಾಡ್ತಿರೋದು. ಇವತ್ತಿಂದ ನಾನು ಏನು ಬದಲಾಯಿಸು ಅಂದ್ರೂ ಬದಲಾಯಿಸ್ಬೇಡ. ಬೈತೀನಿ, ಬೈಸ್ಕೋ. ಆಣೆ ಇಟ್ರೂ ನಂಬ್ಬೇಡ. ಅಕ್ಕ ಹೇಳಿದ್ದೇ ಸರಿ. ನಂಗೆ ನೆನಪು ಹೋಗ್ತಾ ಇದೆ."

ಇಷ್ಟನ್ನು ನಾನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದರಿಂದ ನಿಮಗೆ ಹೇಳಲು ಸಾಧ್ಯವಾಯಿತು. ಅಂದು ಅಕ್ಕ ಪಕ್ಕದಲ್ಲಿ ಕೂತು ಬರೆಸಿದ್ದು. ಇದರ ನಂತರದ್ದು ಅವಳು ಹೇಳಿ ನಾನು ಕೇಳಿದ್ದು. ಈಗಲೂ ನಾನು ವಾರಕ್ಕೊಂದೆರಡು ಸಲ ಸ್ಟುಡಿಯೋಗೆ ಹೋಗಿ, ನರ್ಸಮ್ಮನನ್ನು ಯಾಕೆ ಹಾಳು ಮಾಡಿದೆ ಎಂದು ಬಾಯಿಗೆ ಬಂದ ಹಾಗೆ ಬೈಯುತ್ತೇನಂತೆ. ಅವನು ಎದುರು ಮಾತಾಡುವುದಿಲ್ಲವಂತೆ. ಸ್ಟೂಲಿನ ಮೇಲೆ ಕೂರಿಸಿ, ನಾನೇ ಅಂದು ಹೇಳಿ ಕಳಿಸಿದ ಆ ಮಾತುಗಳನ್ನು ಕೇಳಿಸುತ್ತಾನಂತೆ. ಪ್ರತಿ ಸಲವೂ ನಾನು ಕೊನೆಯವರೆಗೂ ಕೇಳಿ, "ಪಾಪ, ಯಾರಪ್ಪ ಈ ಹೆಂಗಸು?" ಎಂದು ಕೇಳುತ್ತೇನಂತೆ.